ಶಾರ್ಡಾನ್ ಹಾಗೆ ಅಡುಗೆಮನೆಯ ಚಿತ್ರ ಬರೆಯಿರಿ

ಸ್ಟಿಲ್ ಲೈಫ್, ಅಂದರೆ ಎದುರಿಗೆ ಜೋಡಿಸಿಟ್ಟ ವಸ್ತುಗಳ ಚಿತ್ರ, ಬರೆಯಬೇಕು ಅಂತ ದೇವರಾಜ ಮಾರ್ಕೆಟ್‌ಗೆ ಹೋಗಿ ಬುಟ್ಟಿಗಟ್ಟಲೆ ಹಣ್ಣು ತರಬೇಡಿ. ಮನೆಯಲ್ಲಿ ಇರುವುದೇ ಸಾಕು. ಪ್ಯಾರಿಸ್ಸಿನ ಚಿತ್ರಕಾರ ಶಾರ್ಡಾನ್ (1699–1779) ಹಾಗೇ ಮಾಡಿದರು. ಅವರ ಅಪ್ಪ ಬಡಗಿ. ದೇವತೆಗಳು, ಯುದ್ಧ ಇಂಥದ್ದನ್ನು ಬರೆದವರಿಗೇ ಮರ್ಯಾದೆ ಜಾಸ್ತಿ ಇದ್ದ ಕಾಲದಲ್ಲಿ, 1728ರಲ್ಲಿ, ಹೊಟ್ಟೆ ಸೀಳಿ ನೇತುಹಾಕಿದ ತೊರಕೆ ಮೀನಿನ ಚಿತ್ರ ತೋರಿಸಿ ಅಲ್ಲಿನ ಕಲಾವಿದರ ಸಂಸ್ಥೆಯಾದ ರಾಯಲ್ ಅಕಾಡೆಮಿಗೆ ಸೇರಿದರು. ಅವರು ಬರೆದ ತಾಮ್ರದ ನೀರಿನ ಪಾತ್ರೆ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಅದನ್ನು ನೋಡಿದರೆ ನಮ್ಮ ಬಚ್ಚಲುಮನೆಯ ಹಂಡೆ ನೆನಪಾಗುತ್ತದೆ.

ಮೂರೇ ವಸ್ತು ಆರಿಸಿಕೊಳ್ಳಿ. ಅವರ ಒಂದು ಚಿತ್ರದಲ್ಲಿ ಇರುವುದು ಲೋಟದಲ್ಲಿ ನೀರು, ಕಾಫಿ ಪಾತ್ರೆ, ಮೂರು ಬೆಳ್ಳುಳ್ಳಿ ಗಡ್ಡೆ, ಹೆಚ್ಚುಕಡಿಮೆ ಅಷ್ಟೇ. ನಾವು ಹಿತ್ತಾಳೆ ಚೊಂಬು, ಈರನಗೆರೆ ಬದನೆಕಾಯಿ, ಒಂದು ಬೆಳ್ಳುಳ್ಳಿ ಇಡೋಣ. ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಮಂಕಾಗಿದ್ದರೇ ಬಣ್ಣ ಚೆನ್ನಾಗಿ ಕಾಣುವುದು. ಟ್ಯೂಬ್‌ಲೈಟ್ ಆರಿಸಿ, ಒಂದೇ ಕಿಟಕಿಯ ಬೆಳಕು ಪಕ್ಕದಿಂದ ಬೀಳಲಿ. ಹಿಂದೆ ಬರೀ ಗೋಡೆ.

ಇನ್ನು ನೋಡುವ ಕೆಲಸ. ಇಲ್ಲಿ ಆತುರ ಬೇಡ, ಶಾರ್ಡಾನ್ ಕೂಡ ತುಂಬಾ ನಿಧಾನ. ಬದನೆ ಹಸಿರು, ಸರಿ. ಆದರೆ ಚೊಂಬಿಗೆ ತಾಗಿದ ಕಡೆ ಬಗ್ಗಿ ನೋಡಿ, ಆ ಹಸಿರಿನ ಮೇಲೆ ಒಂದು ಚೂರು ಅರಿಶಿನದ ಛಾಯೆ ಇದೆ, ಅಲ್ವಾ? ಚೊಂಬಿನ ಹೊಟ್ಟೆಯ ಮೇಲೂ ಬದನೆಯ ಹಸಿರು ಉದ್ದಕ್ಕೆ ಎಳೆದ ಹಾಗೆ ಕೂತಿದೆ, ಪಕ್ಕದಲ್ಲೇ ಬೆಳ್ಳುಳ್ಳಿಯ ಬಿಳಿ ಚುಕ್ಕಿ. ಒಂದರ ಬಣ್ಣ ಇನ್ನೊಂದರ ಮೇಲೆ ಬೀಳುವ ಈ ಜಾಗಗಳನ್ನು ಬಿಡದೆ ಬರೆದರೆ ಮೂರೂ ಒಂದೇ ಗಾಳಿಯಲ್ಲಿ ಇರುವ ಹಾಗೆ ಕಾಣುತ್ತವೆ. ನನಗೆ ಶಾರ್ಡಾನ್ ಇಷ್ಟವಾಗುವುದೇ ಇದಕ್ಕೆ.

ಮೊದಲು ಕ್ಯಾನ್ವಾಸಿಗೆಲ್ಲ ತೆಳುವಾಗಿ ಕಂದು ಬಣ್ಣ ಹಚ್ಚಿ ಒಣಗಿಸಿ. ಆಮೇಲೆ ನೆರಳು, ಕೊನೆಗೆ ಬೆಳಕು. ಅಂಚುಗಳನ್ನು ಗೆರೆ ಎಳೆದು ಕಟ್ಟಬೇಡಿ. ಆಗಾಗ ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ. ಹತ್ತಿರ ಹೋದರೆ ಎಲ್ಲ ಕಲಸಿಹೋಗುತ್ತದೆ, ದೂರ ನಿಂತರೆ ಮತ್ತೆ ಕೂಡಿಕೊಳ್ಳುತ್ತದೆ ಅಂತ ಶಾರ್ಡಾನ್ ಚಿತ್ರಗಳ ಬಗ್ಗೆ ಅದೇ ಕಾಲದ ಫ್ರೆಂಚ್ ಲೇಖಕ ದಿದೆರೋ ಬರೆದಿದ್ದರು.

ಆಯಿಲ್ ಬಣ್ಣ ಒಗ್ಗದಿದ್ದರೆ ಪ್ಯಾಸ್ಟೆಲ್, ಅಂದರೆ ಬಣ್ಣದ ಕಡ್ಡಿ, ಹಿಡಿಯಿರಿ. ವಯಸ್ಸಾಗಿ ಕಣ್ಣು ಕೈಕೊಟ್ಟಾಗ ಶಾರ್ಡಾನ್ ಕೂಡ ಅದನ್ನೇ ಹಿಡಿದರು, 1771ರಲ್ಲಿ ಕನ್ನಡಕ ಹಾಕಿಕೊಂಡ ತಮ್ಮದೇ ಮುಖ ಬರೆದರು.

ಒಂದೇ ದಿನಕ್ಕೆ ಮುಗಿಯುವುದಿಲ್ಲ. ಮಾರನೆಯ ದಿನ ಅದೇ ಹೊತ್ತಿಗೆ ಕೂರಿ, ಬೆಳಕು ಬದಲಾಗಬಾರದು. ಬದನೆಯ ತೊಟ್ಟು ಬೇಗ ಬಾಡುತ್ತದೆ, ಅದನ್ನೇ ಮೊದಲು ಬರೆದುಬಿಡಿ. ಚೊಂಬು ಕಾಯುತ್ತದೆ.