ಕಿವಿಗಾಗಿ ಬರೆದ ಕೈಪಿಡಿ: ತಾಂತ್ರಿಕ ಬರವಣಿಗೆಯ ಪಾಡ್‌ಕಾಸ್ಟನ್ನು ನಾವು ಮಾಡುವ ಬಗೆ

ಶಿವಮೊಗ್ಗದಲ್ಲಿ ಕೂತು ನಾವು ನಡೆಸುವ ಪಾಡ್‌ಕಾಸ್ಟಿನ ವಿಷಯ ತಾಂತ್ರಿಕ ಬರವಣಿಗೆ. ಯಂತ್ರ ನಡೆಸುವ ಸೂಚನೆ, ಔಷಧಿ ಬೆರೆಸುವ ಕರಪತ್ರ, ಸಹಕಾರ ಸಂಘದ ನೋಟಿಸು, ಶಿಫ್ಟ್ ಬದಲಾಗುವಾಗ ಬರೆದಿಡುವ ಲಾಗ್‌ಬುಕ್, ಸಾಫ್ಟ್‌ವೇರ್ ಕೈಪಿಡಿ, ಹೀಗೆ ಒಂದು ಸಂಚಿಕೆಗೆ ಒಂದನ್ನು ಹಿಡಿದುಕೊಂಡು, ಅದು ಎಲ್ಲಿ ಓದುವವರ ಕೈಬಿಡುತ್ತದೆ, ಹೇಗೆ ತಿದ್ದಬೇಕು ಎಂದು ಬಿಡಿಸಿ ಹೇಳುತ್ತೇವೆ. ಕೇಳುವವರಲ್ಲಿ ಮಾಚೇನಹಳ್ಳಿಯ ಕಾರ್ಖಾನೆಗಳ ಸೂಪರ್‌ವೈಸರ್‌ಗಳಿದ್ದಾರೆ, ಐಟಿಐ ಮೇಷ್ಟ್ರುಗಳಿದ್ದಾರೆ, ಸಾಗರ, ತೀರ್ಥಹಳ್ಳಿ ಕಡೆ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಡಾಕ್ಯುಮೆಂಟೇಶನ್ ಬರೆಯುವವರೂ ಇದ್ದಾರೆ.

ಇಂಗ್ಲಿಷಿನಲ್ಲಿ ಈ ವಿಷಯದ ಪಾಡ್‌ಕಾಸ್ಟ್‌ಗಳಿಗೆ ಕೊರತೆಯಿಲ್ಲ. ಬಹುಪಾಲು ವೃತ್ತಿಯವರಿಬ್ಬರ ಮಾತುಕತೆ: ಯಾವ ಟೂಲ್ ಒಳ್ಳೆಯದು, ಕೆಲಸ ಹೇಗೆ ಸಿಗುತ್ತದೆ ಎಂಬಂಥದ್ದು. ಕೇಳಲು ಚೆನ್ನ. ಆದರೆ ಕೇಳಿ ಮುಗಿಸಿ ನಾಳೆ ಬೆಳಗ್ಗೆ ಬರೆಯಬೇಕಾದ ನೋಟಿಸಿಗೆ ಅದರಿಂದ ಒದಗುವುದು ಕಮ್ಮಿ. ನಾವು ನಿಜವಾದ ಸೂಚನೆಗಳನ್ನೇ ಮುಂದಿಟ್ಟುಕೊಂಡು ಗಟ್ಟಿಯಾಗಿ ಓದಲು ಹೊರಟೆವು. ಕಾಗದದ ಮೇಲೆ ಸರಿಯಾಗಿಯೇ ಇರುವ ಸೂಚನೆ ಕಿವಿಗೆ ಬಿದ್ದಾಗ ಬೇರೆಯೇ ಆಗಿಬಿಡುತ್ತದೆ ಎಂಬುದು ಅಲ್ಲಿ ಕಂಡಿತು. ಹಾಗಾಗಿ ನಮ್ಮ ಶ್ರಮದ ದೊಡ್ಡ ಪಾಲು ಮೈಕಿಗೆ ಹೋಗುವುದಿಲ್ಲ, ಸ್ಕ್ರಿಪ್ಟಿಗೆ ಹೋಗುತ್ತದೆ.

ಬೋರ್ಡೋ ದ್ರಾವಣದ ಸಂಚಿಕೆಯನ್ನೇ ನೋಡಿ. ಅಡಿಕೆಯ ಕೊಳೆರೋಗಕ್ಕೆ ಇದನ್ನು ಮಲೆನಾಡಿನಲ್ಲಿ ಹೊಡೆಯಲು ಶುರುಮಾಡಿ ನೂರು ವರ್ಷ ದಾಟಿದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ 1910ರ ಸುಮಾರಿಗೆ ಕೊಳೆರೋಗವನ್ನು ಅಧ್ಯಯನ ಮಾಡಿ ಈ ಸಿಂಪಡಣೆಯನ್ನು ಬಳಕೆಗೆ ತಂದವರು. ಎಲ್ಲರಿಗೂ ಗೊತ್ತಿರುವ ವಿಧಾನ. ಅದಕ್ಕೇ ಕರಪತ್ರ ಬರೆಯುವವರು ಅರ್ಧವನ್ನು ಹೇಳದೇ ಬಿಡುತ್ತಾರೆ. ಮಾದರಿಗೆ ಒಂದು ವಾಕ್ಯ: “1 ಕೆ.ಜಿ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ 1 ಕೆ.ಜಿ. ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿ ಕಲಸಿ ಸೋಸಿ ಎರಡನ್ನೂ ಬೆರೆಸಿ ರಸಸಾರ ಪರೀಕ್ಷಿಸಿ ಅದೇ ದಿನ ಸಿಂಪಡಿಸಿ.” ಓದುವಾಗ ತಡವರಿಸಿದರೆ ಹಿಂದಕ್ಕೆ ಕಣ್ಣು ಹಾಯಿಸಬಹುದು. ಕೈಗೆಲ್ಲ ಸುಣ್ಣ ಮೆತ್ತಿಕೊಂಡು ನಿಂತವರು ಫೋನ್ ಮುಟ್ಟಿ ಹಿಂದಕ್ಕೆ ಸರಿಸಿ ಕೇಳುವುದಿಲ್ಲ.

ಇಲ್ಲಿ ಕನ್ನಡಕ್ಕೇ ಸೇರಿದ ಒಂದು ತೊಡಕೂ ಇದೆ. ಕರಗಿಸಿ, ಕಲಸಿ, ಸೋಸಿ ಎಂಬ ರೂಪಗಳು ‘ಹೀಗೆ ಮಾಡಿ’ ಎಂಬ ವಿಧಿಯೂ ಹೌದು, ‘ಹೀಗೆ ಮಾಡಿದ ಮೇಲೆ’ ಎಂಬ ಕೃದಂತವೂ ಹೌದು. ಕಾಗದದಲ್ಲಿ ಪೂರ್ಣವಿರಾಮ ನಮ್ಮನ್ನು ಕಾಯುತ್ತದೆ. ಮಾತಿನಲ್ಲಿ ಒಂದು ಹಂತ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬ ಗುರುತೇ ಸಿಗುವುದಿಲ್ಲ. ನಾವು ಕಂಡುಕೊಂಡ ದಾರಿ ಹೀಗಿದೆ. ಹಂತ ಮುಗಿಸುವ ಕ್ರಿಯಾಪದ ಯಾವಾಗಲೂ ‘ಕೊಳ್ಳಿ’ ಅಥವಾ ‘ಬೇಕು’ ಎಂದೇ ಮುಗಿಯುತ್ತದೆ: ಕರಗಿಸಿಕೊಳ್ಳಿ, ಸೋಸಿಕೊಳ್ಳಿ, ಸುರಿಯಬೇಕು. ಈ ರೂಪಗಳನ್ನು ಕೃದಂತವೆಂದು ಯಾರೂ ಕೇಳಿಸಿಕೊಳ್ಳುವುದಿಲ್ಲ. ಮುಂದಿನ ಹಂತ ‘ಆಮೇಲೆ’ ಎಂದೋ ‘ಈಗ’ ಎಂದೋ ಶುರುವಾಗುತ್ತದೆ. ನಡುವೆ ಒಂದೂವರೆ ಸೆಕೆಂಡ್ ಮೌನ. ಎಡಿಟ್ ಮಾಡುವಾಗ ಈ ಮೌನವನ್ನು ಕತ್ತರಿಸುವ ಆಸೆ ಹುಟ್ಟುತ್ತದೆ, ಕತ್ತರಿಸಬಾರದು. ಮೌನ ತಾನಾಗಿ ಕತ್ತರಿಸುವ ಸೌಲಭ್ಯ ಆಪ್‌ನಲ್ಲಿದ್ದರೆ ಅದನ್ನೂ ಆಫ್ ಮಾಡಿಡಿ.

ವಾಕ್ಯದ ಉದ್ದಕ್ಕೂ ಒಂದು ಮಿತಿ ಬೇಕು. ವಿಮಾನಗಳ ಕೈಪಿಡಿಗಾಗಿ ರೂಪುಗೊಂಡ ಎಎಸ್‌ಡಿ-ಎಸ್‌ಟಿಇ100 ಎಂಬ ಸರಳ ಇಂಗ್ಲಿಷಿನ ಮಾನದಂಡ, ಸೂಚನೆಯ ವಾಕ್ಯಕ್ಕೆ 20 ಪದ, ವಿವರಣೆಯ ವಾಕ್ಯಕ್ಕೆ 25 ಪದ ಎನ್ನುತ್ತದೆ. ಅದನ್ನು ಹಾಗೇ ಎತ್ತಿಕೊಂಡರೆ ಕನ್ನಡದಲ್ಲಿ ವಾಕ್ಯ ವಿಪರೀತ ಉದ್ದವಾಗುತ್ತದೆ. ವಿಭಕ್ತಿ, ಕಾಲ, ನಿಷೇಧ ಎಲ್ಲವೂ ನಮ್ಮಲ್ಲಿ ಪದಕ್ಕೇ ಅಂಟಿಕೊಳ್ಳುವುದರಿಂದ ಹತ್ತು ಪದದಲ್ಲೇ ಬೇಕಾದಷ್ಟು ಭಾರ ಕೂತಿರುತ್ತದೆ. ಕೇಳಿಸುವ ಸೂಚನೆಗೆ ಹತ್ತು ಪದ, ಒಂದು ವಾಕ್ಯಕ್ಕೆ ಹೆಚ್ಚೆಂದರೆ ಎರಡು ಕೆಲಸ ಎಂದು ಗೆರೆ ಎಳೆದುಕೊಂಡಿದ್ದೇವೆ. ಮೇಲಿನ ಕರಪತ್ರ ಸ್ಕ್ರಿಪ್ಟಿನಲ್ಲಿ ಹೀಗಾಯಿತು:

“ಎರಡು ಪ್ಲಾಸ್ಟಿಕ್ ಡ್ರಮ್ ಇಟ್ಟುಕೊಳ್ಳಿ. ಒಂದು 50 ಲೀಟರ್‌ಗಿಂತ ದೊಡ್ಡದು, ಇನ್ನೊಂದು 100 ಲೀಟರ್‌ಗಿಂತ ದೊಡ್ಡದು. ಚಿಕ್ಕ ಡ್ರಮ್ಮಿಗೆ 50 ಲೀಟರ್ ನೀರು ತುಂಬಿಕೊಳ್ಳಿ. ಅದರಲ್ಲಿ 1 ಕೆ.ಜಿ. ಮೈಲುತುತ್ತ ಕರಗಿಸಿಕೊಳ್ಳಿ. ಇದನ್ನು ನೀಲಿ ಡ್ರಮ್ ಅನ್ನೋಣ. ಆಮೇಲೆ ದೊಡ್ಡ ಡ್ರಮ್ಮಿಗೂ 50 ಲೀಟರ್ ನೀರು ತುಂಬಿಕೊಳ್ಳಿ. ಅದರಲ್ಲಿ 1 ಕೆ.ಜಿ. ಸುಣ್ಣ ಕಲಸಿಕೊಂಡು ಸೋಸಿಕೊಳ್ಳಿ. ಇದು ಬಿಳಿ ಡ್ರಮ್. ಈಗ ನೀಲಿಯನ್ನು ಬಿಳಿಗೆ ಸುರಿಯಬೇಕು. ನಿಧಾನವಾಗಿ, ಕೋಲಿನಿಂದ ತಿರುಗಿಸುತ್ತ ಸುರಿಯಬೇಕು.”

ಎರಡನೇ ಡ್ರಮ್ 100 ಲೀಟರ್ ಹಿಡಿಯಬೇಕೆಂಬುದು ಕರಪತ್ರದಲ್ಲಿಲ್ಲ. ಯಾವುದನ್ನು ಯಾವುದಕ್ಕೆ ಸುರಿಯಬೇಕೆಂಬುದೂ ಇಲ್ಲ, ‘ಎರಡನ್ನೂ ಬೆರೆಸಿ’ ಎಂದಷ್ಟೇ ಇದೆ. ಸುಣ್ಣದ ನೀರಿಗೆ ಮೈಲುತುತ್ತ ಬಿದ್ದರೆ ಕಣ ನವಿರಾಗಿ ತೇಲಿಕೊಂಡಿರುತ್ತದೆ. ಉಲ್ಟಾ ಮಾಡಿದರೆ ಕಣ ದಪ್ಪವಾಗಿ ತಳ ಸೇರುತ್ತದೆ, ನಾಜಲ್ ಕಟ್ಟುತ್ತದೆ. ಕಾರಣವನ್ನು ಹಂತದ ನಡುವೆ ತುರುಕುವುದಿಲ್ಲ, ಹಂತ ಮುಗಿದ ಮೇಲೆ ಒಂದೇ ವಾಕ್ಯದಲ್ಲಿ ಹೇಳುತ್ತೇವೆ. ಇಟ್ಟ ಹೆಸರನ್ನೂ ಕೊನೆಯವರೆಗೆ ಬದಲಾಯಿಸುವುದಿಲ್ಲ. ಒಂದು ಕಡೆ ಮೈಲುತುತ್ತ, ಇನ್ನೊಂದು ಕಡೆ ತಾಮ್ರದ ಸಲ್ಫೇಟ್, ಮತ್ತೊಂದು ಕಡೆ ‘ಸದರಿ ದ್ರಾವಣ’ ಎಂದರೆ ಕೇಳುವವರು ಮೂರು ಸಾಮಾನು ಹುಡುಕುತ್ತಾರೆ.

ಎಚ್ಚರಿಕೆಯ ಮಾತಿಗೆ ಇನ್ನೂ ಹೆಚ್ಚಿನ ಕಾಳಜಿ ಬೇಕು. ಕನ್ನಡದಲ್ಲಿ ನಿಷೇಧ ವಾಕ್ಯದ ಕಟ್ಟಕಡೆಗೆ ಬರುತ್ತದೆ. “ಕಬ್ಬಿಣದ ಪಾತ್ರೆಯಲ್ಲಿ ಮೈಲುತುತ್ತ ಕರಗಿಸಬೇಡಿ” ಎಂಬ ವಾಕ್ಯದಲ್ಲಿ ‘ಬೇಡಿ’ ಕೇಳುವ ಹೊತ್ತಿಗೆ ಮಾಡಬಾರದ್ದೆಲ್ಲ ಕಿವಿಗೆ ಬಿದ್ದಾಗಿರುತ್ತದೆ. ಹೊಸನಗರದ ಕಣಿವೆಯಲ್ಲಿ ಸಿಗ್ನಲ್ ಕಡಿದೋ, ಮೋಟಾರಿನ ಸದ್ದಿನಲ್ಲೋ ಆ ಕೊನೆಯ ಎರಡಕ್ಷರ ಕಳೆದುಹೋದರೆ ಅರ್ಥ ತಲೆಕೆಳಗು. ಅದಕ್ಕೇ ಎಚ್ಚರಿಕೆಯನ್ನು ‘ಎಚ್ಚರಿಕೆ’ ಎಂಬ ಪದದಿಂದಲೇ ಆರಂಭಿಸಿ, ಮಾಡಬೇಕಾದ್ದನ್ನು ಮೊದಲು ಹೇಳಿ, ಬೇಡವಾದ್ದನ್ನು ಚಿಕ್ಕ ವಾಕ್ಯವಾಗಿ ಹಿಂದೆ ಇಡುತ್ತೇವೆ: “ಎಚ್ಚರಿಕೆ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಕಬ್ಬಿಣ ಬೇಡ.” ಮತ್ತೆ, ಎಚ್ಚರಿಕೆ ಇರಬೇಕಾದ್ದು ಅದು ಬೇಕಾಗುವ ಹಂತಕ್ಕಿಂತ ಮುಂಚೆ. ಹಂತ ಮುಗಿದ ಮೇಲೆ ‘ಅಂದಹಾಗೆ ಕೈಗವಸು ಹಾಕಿಕೊಂಡಿರಬೇಕು’ ಎಂದರೆ ಪ್ರಯೋಜನವಿಲ್ಲ.

ಸಂಖ್ಯೆಗಳಲ್ಲಿ ಇಪ್ಪತ್ತು ಮತ್ತು ಎಪ್ಪತ್ತು ದೊಡ್ಡ ಅಪಾಯ. ಚಿಕ್ಕ ಸ್ಪೀಕರಿನಲ್ಲಿ ಮೊದಲ ಸ್ವರ ಮಸುಕಾದರೆ ಎರಡೂ ಒಂದೇ. ಎಪ್ಪತ್ತು, ಎಂಬತ್ತೂ ಹಾಗೆಯೇ. ಅಳತೆಯಲ್ಲಿ ಇವು ಬಂದಾಗ ಎರಡು ಸಲ, ಎರಡು ರೀತಿ ಹೇಳುತ್ತೇವೆ: “ಇಪ್ಪತ್ತು ಗ್ರಾಂ. ಎರಡು, ಸೊನ್ನೆ.” ಶೇಕಡಾ ಲೆಕ್ಕವನ್ನು ಕೇಳುವವರ ತಲೆಗೆ ಬಿಡುವುದಿಲ್ಲ, ‘ಶೇ. 1ರ ದ್ರಾವಣ’ ಎಂದರೆ ಸಾಲದು, 100 ಲೀಟರಿಗೆ ಎಷ್ಟು ಕೆ.ಜಿ. ಎಂದು ಬಿಡಿಸಲೇಬೇಕು. ಕಾಲು, ಅರೆ, ಮುಕ್ಕಾಲು ಮಾತಿನಲ್ಲಿ ಸಲೀಸಾಗಿ ಹೋಗುತ್ತವೆ, ದಶಾಂಶಕ್ಕಿಂತ ಅವೇ ವಾಸಿ. ಒಂದು ಉಸಿರಿನಲ್ಲಿ ಮೂರು ಅಂಕಿ ಬಂದರೆ ಮೂರೂ ಹೋದಂತೆಯೇ.

ಅನುಭವಿಗಳನ್ನು ಮಾತಾಡಿಸುವಾಗ ಎದುರಾಗುವುದು ‘ಸ್ವಲ್ಪ’, ‘ಹದವಾಗಿ’, ‘ಅಂದಾಜಿಗೆ’. ಅವರಿಗೆ ಕೈಯಲ್ಲಿ ಗೊತ್ತು, ಬಾಯಲ್ಲಿ ಬರುವುದಿಲ್ಲ. ಪ್ರಶ್ನೆಯನ್ನು ಕಣ್ಣಿಗೋ ಕೈಗೋ ಕೇಳಿದರೆ ಉತ್ತರ ಹೊರಬರುತ್ತದೆ. ತೋಟದಲ್ಲಿ ಔಷಧಿ ಹೊಡೆಯುವವರೊಬ್ಬರ ಜೊತೆಗಿನ ಧ್ವನಿಮುದ್ರಣದಿಂದ:

“ಸುಣ್ಣ ಸಾಕಾಯ್ತು ಅಂತ ಹೆಂಗೆ ಗೊತ್ತಾಗುತ್ತೆ ಗೌಡ್ರೆ?”

“ನೋಡಿದ್ರೆ ಗೊತ್ತಾಗುತ್ತಲ್ಲ.”

“ಏನು ನೋಡ್ತೀರಿ?”

“ಕತ್ತಿ ಅದ್ದೋದು. ಒಂದ್ ನಿಮಿಷ ಬಿಟ್ಟು ತೆಗೆದ್ರೆ ಕೆಂಪು ಹಿಡಿದಿರಬಾರ್ದು. ಹಿಡಿದಿದ್ರೆ ಸುಣ್ಣ ಸಾಲ್ದು, ಇನ್ನೊಂಚೂರು ಸುಣ್ಣದ ನೀರು ಹಾಕ್ಬೇಕು.”

ಕರಪತ್ರದ ‘ರಸಸಾರ ಪರೀಕ್ಷಿಸಿ’ (ರಸಸಾರವೆಂದರೆ ಹುಳಿ-ಕ್ಷಾರದ ಮಟ್ಟ, ಪಿಎಚ್) ಎಂಬ ಎರಡು ಪದದ ಜಾಗಕ್ಕೆ ಇದು ಬಂತು. ಹೆಚ್ಚಾಗಿ ಉಳಿದ ತಾಮ್ರ ಕಬ್ಬಿಣದ ಮೇಲೆ ಕೂತು ಕೆಂಪಾಗುತ್ತದೆ, ಅಂಥ ದ್ರಾವಣ ಎಳೆಯ ಭಾಗವನ್ನು ಸುಡುತ್ತದೆ. ಕತ್ತಿಯನ್ನು ಮೊದಲೇ ಉಜ್ಜಿ ಹೊಳೆಯಿಸಿರಬೇಕು, ತುಕ್ಕಿದ್ದರೆ ಕೆಂಪು ಕಾಣುವುದಿಲ್ಲ ಎಂಬುದನ್ನು ನಾವು ಸೇರಿಸಿದೆವು. ಕಾರ್ಖಾನೆಯ ಸಂಚಿಕೆಗಳಿಗೂ ಇದೇ ಬಗೆ. ಶಿಫ್ಟ್ ಹಸ್ತಾಂತರದ ಟಿಪ್ಪಣಿಯಲ್ಲಿ ‘ಮೆಷಿನ್ ಸರಿಯಿದೆ’ ಎಂದು ಬರೆದಿದ್ದರೆ, ‘ಯಾವ ಮೀಟರ್ ನೋಡಿ ಹಾಗಂದ್ರಿ?’ ಎಂದು ಕೇಳಬೇಕು. ಯಂತ್ರ ಈಗ ಯಾವ ಸ್ಥಿತಿಯಲ್ಲಿದೆ, ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಮುಂದಿನವರು ಯಾವುದರ ಮೇಲೆ ಕಣ್ಣಿಡಬೇಕು, ಈ ಮೂರಕ್ಕೆ ಉತ್ತರವಿದ್ದರೆ ಟಿಪ್ಪಣಿ ಸಾಕು.

ಸ್ಕ್ರಿಪ್ಟ್ ಮುಗಿದ ಮೇಲೆ ಆ ಕೆಲಸ ಗೊತ್ತಿಲ್ಲದ ಒಬ್ಬರಿಗೆ ಒಂದೇ ಸಲ ಕೇಳಿಸಿ, ‘ಈಗ ನನಗೆ ನೀವು ಹೇಳಿಕೊಡಿ’ ಎನ್ನುತ್ತೇವೆ. ಅರ್ಥವಾಯಿತೇ ಎಂದು ಕೇಳುವುದರಲ್ಲಿ ಹುರುಳಿಲ್ಲ, ಎಲ್ಲರೂ ಹೌದೆನ್ನುತ್ತಾರೆ. ಅವರು ತಿರುಗಿ ಹೇಳುವಾಗ ಎಡವಿದ ಜಾಗವನ್ನು ತಿದ್ದಿ, ಮುಂದಿನ ಸಲ ಬೇರೆಯವರಿಗೆ ಕೇಳಿಸುತ್ತೇವೆ.

ಧ್ವನಿಮುದ್ರಣಕ್ಕೆ ಮಲೆನಾಡಿನಲ್ಲಿ ಕಾಲ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಶೀಟಿನ ಮಾಡಿನ ಕೆಳಗೆ ಕೆಲಸ ಸಾಧ್ಯವೇ ಇಲ್ಲ. ಹೆಂಚಿನ ಮನೆಯಲ್ಲಿ ಮೇಲೆ ಅಟ್ಟವಿರುವ ಕೋಣೆ ಸಿಕ್ಕರೆ ಸಣ್ಣ ಮಳೆಯಲ್ಲಿ ನಡೆಯುತ್ತದೆ. ಮಳೆಯ ಸದ್ದು ಎಲ್ಲ ಕಂಪನಾಂಕಗಳಲ್ಲೂ ಹರಡಿರುತ್ತದೆ, ಗಳಿಗೆಗೊಮ್ಮೆ ಏರಿಳಿಯುತ್ತದೆ. ಸಾಫ್ಟ್‌ವೇರಿನಿಂದ ತೆಗೆಯಹೊರಟರೆ ದನಿ ನೀರೊಳಗಿಂದ ಬಂದಂತಾಗುತ್ತದೆ. ಜೀರುಂಡೆಯ ಸದ್ದು ಸ, ಶ, ಷ ಇರುವ ಎತ್ತರದಲ್ಲೇ ಕೂರುವುದರಿಂದ ಅದನ್ನು ತೆಗೆದರೆ ಇವೂ ಹೋಗುತ್ತವೆ. ಬೋರ್ಡೋದಂಥ ಮಳೆಗಾಲದ ವಿಷಯಗಳನ್ನು ಏಪ್ರಿಲ್ ಬೆಳಗಿನ ಹೊತ್ತಿನಲ್ಲಿ ಮುದ್ರಿಸಿಟ್ಟು, ಮೊದಲ ಸಿಂಪಡಣೆಗೆ ಮುಂಚೆ, ಮೇ ತಿಂಗಳಲ್ಲಿ ಬಿಡುಗಡೆ ಮಾಡುತ್ತೇವೆ.

ಮೈಕು ಡೈನಾಮಿಕ್ ಆಗಿರಲಿ. ಕಂಡೆನ್ಸರ್ ಮೈಕು ದೂರದ ಸದ್ದನ್ನೆಲ್ಲ ಎಳೆದುಕೊಳ್ಳುತ್ತದೆ, ನಮ್ಮ ತೇವಕ್ಕೆ ಕರಕರ ಎನ್ನುತ್ತದೆ. ಬಾಯಿಂದ ನಾಲ್ಕು ಬೆರಳು ದೂರ, ನೇರವಾಗಿಡದೆ ಓರೆಯಾಗಿ ಇಟ್ಟರೆ ಪ, ಭ, ಫ ಹೇಳುವಾಗ ಗಾಳಿ ಬಡಿಯುವುದಿಲ್ಲ. ಬೆನ್ನ ಹಿಂದೆ ಮತ್ತು ಮೇಜಿನ ಮೇಲೆ ದಪ್ಪ ಕಂಬಳಿ ಹಾಕಿದರೆ ಪ್ರತಿಧ್ವನಿ ತಗ್ಗುತ್ತದೆ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸಬೇಕು. ಚಾರ್ಜರ್ ಹಾಕಿದ್ದರೆ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಸೇರಬಹುದು, ಕರೆಂಟ್ ಹೋಗಿ ಅಗ್ಗದ ಇನ್ವರ್ಟರ್ ಹತ್ತಿಕೊಂಡರೆ ಅದು ಇನ್ನೂ ಒರಟಾಗುತ್ತದೆ. ಧ್ವನಿಮುದ್ರಣದ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್, ದನಿಯ ಗರಿಷ್ಠ ಮಟ್ಟ ಮೈನಸ್ 12 ಡಿಬಿ ಸುತ್ತ. ಮಾತಿಗೆ ಮುಂಚೆ ಹತ್ತು ಸೆಕೆಂಡ್ ಸುಮ್ಮನೆ ಕೂತು ಕೋಣೆಯ ಸದ್ದನ್ನು ಹಿಡಿದಿಡುತ್ತೇವೆ. ದೂರದ ಅತಿಥಿಯಾದರೆ ಕರೆಯ ದನಿಯನ್ನು ಬಳಸುವುದಿಲ್ಲ. ಅವರ ಫೋನಿನಲ್ಲೇ ಅವರ ದನಿ ಬೇರೆಯಾಗಿ ಮುದ್ರಣವಾಗಬೇಕು. ಶುರುವಿನಲ್ಲಿ ಒಂದು ಚಪ್ಪಾಳೆ, ಆಮೇಲೆ ಎರಡೂ ಕಡೆಯ ದನಿಯನ್ನು ಜೋಡಿಸಲು. ಎರಡು ಸಾಧನಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲವಾದ್ದರಿಂದ ನಡುವೆ ಇನ್ನೊಂದು ಚಪ್ಪಾಳೆ ಇದ್ದರೆ ಒಳ್ಳೆಯದು.

ದನಿ ಎಡಿಟ್ ಮಾಡುವ ಆಡಾಸಿಟಿ ಸಾಫ್ಟ್‌ವೇರಿನಲ್ಲಿ 80 ಹರ್ಟ್ಸ್ ಹೈ-ಪಾಸ್ (ಅದಕ್ಕಿಂತ ತಗ್ಗಿನ ಗುಡುಗುಡು ಸದ್ದನ್ನು ತಗ್ಗಿಸುವ ಸೋಸುಕ), 6ರಿಂದ 9 ಡಿಬಿ ತನಕ ಸದ್ದಿಳಿಕೆ, ಅಷ್ಟೇ. ಒಟ್ಟು ಮಟ್ಟ ಸ್ಟೀರಿಯೋಗೆ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ), ಮೋನೋಗೆ ಮೈನಸ್ 19, ಟ್ರೂ ಪೀಕ್ ಅಂದರೆ ದನಿಯ ಅತಿ ಎತ್ತರದ ಬಿಂದು ಮೈನಸ್ 1 ಡಿಬಿಗಿಂತ ಮೇಲೆ ಹೋಗಬಾರದು. ನಮ್ಮದು 64 ಕೆಬಿಪಿಎಸ್ ಮೋನೋ ಎಂಪಿ3. ಹೀಗಾದರೆ 20 ನಿಮಿಷ ಸುಮಾರು 9.6 ಎಂಬಿ, ಪೇಟೆಗೆ ಬಂದಾಗ ಇಳಿಸಿಕೊಂಡು ಹೋಗಲು, ವಾಟ್ಸಾಪ್‌ನಲ್ಲಿ ಕಳಿಸಲು ಹಗುರ. ಮುಖಪುಟದ ಚಿತ್ರ ಚೌಕ, 1400ರಿಂದ 3000 ಪಿಕ್ಸೆಲ್. ಶೀರ್ಷಿಕೆ ಕನ್ನಡದಲ್ಲೇ ಇರಲಿ, ಫೈಲಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿದ್ದರೆ ಕೊಂಡಿ ಮುರಿಯುವುದಿಲ್ಲ. ಆಪ್‌ಗಳು ಸಂಚಿಕೆಗಳನ್ನು ಪಡೆಯುವ ಪಟ್ಟಿಯಾದ ಫೀಡಿನಲ್ಲಿ ಪ್ರತಿ ಸಂಚಿಕೆಗೂ ಇರುವ ಗುರುತಿನ ಸಂಕೇತ ಜಿಯುಐಡಿಯನ್ನು ಒಮ್ಮೆ ಪ್ರಕಟಿಸಿದ ಮೇಲೆ ಮುಟ್ಟಬಾರದು. ಮುಟ್ಟಿದರೆ ಹಳೆಯ ಸಂಚಿಕೆ ಹೊಸದಾಗಿ ಎಲ್ಲರ ಫೋನಿಗೂ ಇನ್ನೊಮ್ಮೆ ಇಳಿಯುತ್ತದೆ.

ಪ್ರಕಟಿಸಿದ ಸಂಚಿಕೆಯಲ್ಲಿ ಅಳತೆ ಬದಲಾಗಬೇಕಾಗಿ ಬಂದರೆ ಸರ್ವರಿನ ಫೈಲನ್ನು ಬದಲಾಯಿಸಿ ಕೈತೊಳೆದುಕೊಳ್ಳುವಂತಿಲ್ಲ. ಇಳಿಸಿಕೊಂಡವರ ಫೋನಿನಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಹಳೆಯದೇ ಓಡಾಡುತ್ತಿರುತ್ತದೆ. ಅದಕ್ಕಾಗಿ ಪ್ರತಿ ಸಂಚಿಕೆಯ ಮೊದಲ ವಾಕ್ಯದಲ್ಲೇ ಆವೃತ್ತಿಯನ್ನು ಬಾಯಲ್ಲಿ ಹೇಳುತ್ತೇವೆ: ಎಷ್ಟನೇ ಆವೃತ್ತಿ, ಯಾವ ತಿಂಗಳು, ಯಾವ ವರ್ಷ. ತಿದ್ದುಪಡಿಯಾದಾಗ ಎರಡು ನಿಮಿಷದ ಬೇರೆಯೇ ಸಂಚಿಕೆ ಬಿಟ್ಟು, ಯಾವ ಆವೃತ್ತಿಯ ಯಾವ ಹಂತ ಬದಲಾಯಿತು, ಹೊಸ ಅಳತೆ ಎಷ್ಟು ಎಂಬುದನ್ನಷ್ಟೇ ಹೇಳಿ, ಹಳೆಯದನ್ನು ಅಳಿಸಿ ಎಂದು ಕೇಳಿಕೊಳ್ಳುತ್ತೇವೆ. ಆ ಚಿಕ್ಕ ಸಂಚಿಕೆಯಲ್ಲಿ ಹಳೆಯ ಅಳತೆಯ ಅಂಕಿಯನ್ನು ಮತ್ತೆ ಉಚ್ಚರಿಸುವುದಿಲ್ಲ, ಹೊಸದನ್ನು ಮೂರು ಸಲ ಹೇಳುತ್ತೇವೆ.