ಮೊದಲ ಸುತ್ತಿನಲ್ಲಿ ಯಾರು? ಎನ್‌ಎಫ್‌ಎಲ್ ಡ್ರಾಫ್ಟ್ ವಾದಕ್ಕೆ ಕೂರುವ ಮುನ್ನ

ಏಪ್ರಿಲ್ ಬಂತೆಂದರೆ ಅಮೆರಿಕನ್ ಫುಟ್‌ಬಾಲ್ ಅಭಿಮಾನಿಗಳ ಬಾಯಲ್ಲಿ ಒಂದೇ ಪ್ರಶ್ನೆ: ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ನಮ್ಮ ತಂಡ ಮೊದಲ ಸುತ್ತಿನಲ್ಲಿ ಯಾರನ್ನು ತೆಗೆದುಕೊಳ್ಳಬೇಕು? ಜಗಳ ಬೇಗ ಬಿಸಿಯಾಗುತ್ತದೆ, ಲೆಕ್ಕ ಮಾತ್ರ ಯಾರೂ ಹಾಕುವುದಿಲ್ಲ. ಲೆಕ್ಕ ಹಾಕುವ ಬಗೆಯನ್ನು ಒಂದು ನಿಜವಾದ ಜಗಳದ ಮೂಲಕವೇ ನೋಡೋಣ.

2020ರಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ 4 ಪಂದ್ಯ ಗೆದ್ದು, 11 ಸೋತು, 1 ಸಮ ಮಾಡಿಕೊಂಡಿತು. ಅದರ ಹೊಸ ಕ್ವಾರ್ಟರ್‌ಬ್ಯಾಕ್ (ಚೆಂಡನ್ನು ಎಸೆದು ಆಟ ನಡೆಸುವವ) ಜೋ ಬರೋ 10 ಪಂದ್ಯಗಳಲ್ಲಿ 32 ಬಾರಿ ಸ್ಯಾಕ್ ಆದರು, ಅಂದರೆ ಎಸೆಯುವ ಮೊದಲೇ ಚೆಂಡಿನ ಸಮೇತ ನೆಲಕ್ಕೆ ಬಿದ್ದರು. ನವೆಂಬರ್‌ನಲ್ಲಿ ಮೊಣಕಾಲೂ ಹೋಯಿತು. 2021ರ ಡ್ರಾಫ್ಟ್‌ನಲ್ಲಿ ತಂಡಕ್ಕೆ 5ನೇ ಸರದಿ. ಒಂದು ಬಣ ಆರೆಗನ್ ವಿಶ್ವವಿದ್ಯಾಲಯದ ಟ್ಯಾಕಲ್ ಪೆನೇ ಸ್ಯೂಯೆಲ್ ಬೇಕೆಂದಿತು. ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆಯಾಗಿ ನಿಲ್ಲುವ ಐವರಲ್ಲಿ ತುದಿಯ ಇಬ್ಬರೇ ಟ್ಯಾಕಲ್‌ಗಳು. ಇನ್ನೊಂದು ಬಣಕ್ಕೆ ರಿಸೀವರ್ ಜಮಾರ್ ಚೇಸ್ ಬೇಕಿತ್ತು. 2019ರಲ್ಲಿ ಎಲ್‌ಎಸ್‌ಯು (ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) ಕಾಲೇಜು ಚಾಂಪಿಯನ್ ಆದಾಗ ಬರೋ ಎಸೆತಗಳನ್ನು ಹಿಡಿದವರು ಇವರೇ.

ಮೊದಲು ಬೆಲೆ ತಿಳಿಯಿರಿ

ಐಪಿಎಲ್ ಹರಾಜಿನ ಅಭ್ಯಾಸವಿದ್ದವರು ಇಲ್ಲಿ ಎಡವುತ್ತಾರೆ. ಇಲ್ಲಿ ಕೂಗಾಟವಿಲ್ಲ. 32 ತಂಡ, 7 ಸುತ್ತು, ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ. ಸಂಬಳ ನಿರ್ಧಾರವಾಗುವುದು ಸರದಿಯ ಸಂಖ್ಯೆಯಿಂದ, ಆಟಗಾರನ ಸ್ಥಾನದಿಂದಲ್ಲ. 2010ರ ಮೊದಲ ಆಯ್ಕೆ ಸ್ಯಾಮ್ ಬ್ರಾಡ್‌ಫರ್ಡ್‌ಗೆ 6 ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ ಸಿಕ್ಕಿತ್ತು. ಸಂಬಳಕ್ಕೆ ಈ ನಿಯಮ ಬಂದ 2011ರಲ್ಲಿ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು 4 ವರ್ಷಕ್ಕೆ ಸುಮಾರು 2.2 ಕೋಟಿ.

ಹೀಗಾಗಿ ಮಾರುಕಟ್ಟೆಯಲ್ಲಿ ದುಬಾರಿಯಾದ ಸ್ಥಾನದ ಆಟಗಾರನನ್ನು ಡ್ರಾಫ್ಟ್‌ನಲ್ಲಿ ತೆಗೆದುಕೊಂಡರೆ ಉಳಿತಾಯ ಹೆಚ್ಚು. ಪ್ರತಿ ಸ್ಥಾನದಲ್ಲೂ ಅತಿ ಹೆಚ್ಚು ಸಂಬಳ ಪಡೆಯುವವರನ್ನು ಸಾಲಾಗಿ ಬರೆದುಕೊಳ್ಳಿ. ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ 2024ರಲ್ಲಿ ವರ್ಷಕ್ಕೆ 6 ಕೋಟಿ ಡಾಲರ್ ಮುಟ್ಟಿದರು. ಚೇಸ್ 2025ರಲ್ಲಿ ಸುಮಾರು 4 ಕೋಟಿ, ಸ್ಯೂಯೆಲ್ 2024ರಲ್ಲಿ 2.8 ಕೋಟಿ. ಚೆಂಡು ಹಿಡಿದು ಓಡುವ ರನ್ನಿಂಗ್‌ಬ್ಯಾಕ್‌ಗಳಲ್ಲಿ ಸಾಕ್ವಾನ್ ಬಾರ್ಕ್ಲಿ 2025ರಲ್ಲಿ ಸುಮಾರು 2 ಕೋಟಿಗೆ ಏರಿದ್ದೇ ದೊಡ್ಡ ಸುದ್ದಿಯಾಯಿತು. 5ನೇ ಸರದಿಯಲ್ಲಿ ಬಂದ ಚೇಸ್‌ಗೆ ಮೊದಲ 4 ವರ್ಷಕ್ಕೆ ಒಟ್ಟು ಸಿಕ್ಕಿದ್ದು ಸುಮಾರು 3 ಕೋಟಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

ಬಾರ್ಕ್ಲಿ ಅದ್ಭುತ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೂ 2018ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಅವರನ್ನು 2ನೇ ಸರದಿಯಲ್ಲಿ ತೆಗೆದುಕೊಂಡದ್ದು ತಪ್ಪೆಂದೇ ನಮ್ಮ ಅಭಿಪ್ರಾಯ. ಅದೇ ಸುತ್ತಿನಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಾದ ಜಾಶ್ ಆಲನ್ 7ನೆಯವರಾಗಿ, ಲಮಾರ್ ಜಾಕ್ಸನ್ 32ನೆಯವರಾಗಿ ಹೋದರು. ಬಾರ್ಕ್ಲಿ 2,005 ಗಜ ಓಡಿದ್ದು 2024ರಲ್ಲಿ, ಅದೂ ಫಿಲಡೆಲ್ಫಿಯಾ ಈಗಲ್ಸ್‌ಗೆ.

ಎರಡು ವರ್ಷದ ಕೊರತೆ ಪಟ್ಟಿ

ಈ ವರ್ಷ ಕಾಣುವ ತೂತನ್ನಷ್ಟೇ ಮುಚ್ಚಲು ಹೊರಡಬೇಡಿ. ಈ ಋತು ಮತ್ತು ಮುಂದಿನ ಋತುವಿನ ಕೊನೆಗೆ ಯಾರ ಒಪ್ಪಂದ ಮುಗಿಯುತ್ತದೆ ಎಂದು ಬರೆಯಿರಿ. ಡ್ರಾಫ್ಟ್‌ಗೆ ಮೊದಲೇ, ಮಾರ್ಚ್‌ನಲ್ಲಿ, ತಂಡ ಹೊರಗಿನಿಂದ ಯಾರನ್ನು ಕರೆತಂದಿತು ಎಂಬುದನ್ನೂ ಸೇರಿಸಿ. ಬೆಂಗಾಲ್ಸ್ 2021ರ ಮಾರ್ಚ್‌ನಲ್ಲಿ ಅನುಭವಿ ಟ್ಯಾಕಲ್ ರೈಲಿ ರೀಫ್ ಅವರನ್ನು ತಂದಿತ್ತು, ಹಳೆಯ ರಿಸೀವರ್ ಎ.ಜೆ. ಗ್ರೀನ್ ಹೊರಟುಹೋಗಿದ್ದರು. ತಂಡದ ಒಲವು ಎತ್ತ ಎಂಬುದಕ್ಕೆ ಇಷ್ಟು ಸುಳಿವು ಸಾಕಿತ್ತು.

ಜೋಡಿಯಾಗಿ ಲೆಕ್ಕ ಹಾಕಿ

ಇಡೀ ವಾದದ ತಿರುಳು ಇಲ್ಲಿದೆ. ‘ಚೇಸ್ ಮೇಲೋ ಸ್ಯೂಯೆಲ್ ಮೇಲೋ’ ಎಂಬ ಪ್ರಶ್ನೆಯೇ ಅರೆಬರೆ. ‘ಚೇಸ್ ಜೊತೆಗೆ ಎರಡನೇ ಸುತ್ತಿನ ಟ್ಯಾಕಲ್’ ಒಂದು ಜೋಡಿ, ‘ಸ್ಯೂಯೆಲ್ ಜೊತೆಗೆ ಎರಡನೇ ಸುತ್ತಿನ ರಿಸೀವರ್’ ಇನ್ನೊಂದು. ತೂಗಬೇಕಾದ್ದು ಈ ಜೋಡಿಗಳನ್ನು.

ಮಾಡುವುದು ಹೀಗೆ. ನಿಮ್ಮ ತಂಡದ ಎರಡನೇ ಸರದಿಯ ಸಂಖ್ಯೆ ನೋಡಿ; ಬೆಂಗಾಲ್ಸ್‌ಗೆ ಅದು 38. ಆಟಗಾರರ ಮೂರ್ನಾಲ್ಕು ಶ್ರೇಯಾಂಕ ಪಟ್ಟಿಗಳನ್ನು ಮುಂದಿಟ್ಟುಕೊಂಡು, 30ರಿಂದ 55ರವರೆಗೆ ಪ್ರತಿ ಸ್ಥಾನದ ಎಷ್ಟು ಜನ ಇದ್ದಾರೆಂದು ಎಣಿಸಿ. ನಾಲ್ಕೈದು ಜನ ಸಿಕ್ಕರೆ ಆ ಸ್ಥಾನ ಕಾಯಬಹುದು, ಒಬ್ಬಿಬ್ಬರಷ್ಟೇ ಇದ್ದರೆ ಕಾಯಲಾಗದು. 2021ರಲ್ಲಿ 39ರಿಂದ 53ರೊಳಗೆ ಕಾಲೇಜಿನಲ್ಲಿ ಟ್ಯಾಕಲ್ ಆಡಿದ್ದ ಆರು ಜನ ಆಯ್ಕೆಯಾದರು. ಅಂದರೆ ಟ್ಯಾಕಲ್‌ಗೆ ಕಾಯುವುದು ಹುಚ್ಚುತನವೇನೂ ಆಗಿರಲಿಲ್ಲ.

ಆಟ ನೋಡುವ ಬಗೆ

ಎರಡು ನಿಮಿಷದ ಹೈಲೈಟ್ಸ್ ನೋಡಿ ತೀರ್ಪು ಕೊಡುವುದೇ ಅಭಿಮಾನಿಗಳ ದೊಡ್ಡ ತಪ್ಪು. ಅಲ್ಲಿ ಸೋತ ಆಟ ಇರುವುದೇ ಇಲ್ಲ. ಕನಿಷ್ಠ ಮೂರು ಇಡೀ ಪಂದ್ಯ ನೋಡಿ, ಅದರಲ್ಲಿ ಒಂದು ಪ್ರಬಲ ಎದುರಾಳಿಯ ವಿರುದ್ಧದ್ದಿರಲಿ.

ಟ್ಯಾಕಲ್ ಆದರೆ ಚೆಂಡಿನ ಮೇಲಿಂದ ಕಣ್ಣು ತೆಗೆಯಿರಿ, ಪಾದ ನೋಡಿ. ಮೂರನೇ ಡೌನ್‌ನಲ್ಲಿ, ಅಂದರೆ 10 ಗಜ ಸಾಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದರಲ್ಲಿ, ಇನ್ನೂ ಏಳೆಂಟು ಗಜ ಬೇಕಿರುವಾಗ ಎಸೆತವೇ ಬರುತ್ತದೆಂದು ಎದುರಾಳಿಗೂ ಗೊತ್ತು, ಪರೀಕ್ಷೆ ಆಗಲೇ. ಹಿಂದೆ ಸರಿಯುವಾಗ ಮೊಣಕಾಲು ಬಾಗಬೇಕು. ಸೊಂಟ ಬಾಗಿ ತಲೆ ಮುಂದೆ ಚಾಚಿದರೆ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ವೇಗದ ಎದುರಾಳಿ (ರಷರ್) ಪಕ್ಕದಿಂದ ಜಾರಿಹೋಗುತ್ತಾನೆ. ಹೊರಗಿನಿಂದ ಬರುವಂತೆ ನಟಿಸಿ ಒಳಗೆ ನುಗ್ಗಿದವನನ್ನು ತಡೆಯಲು ತಿರುಗಿ ಬರಬಲ್ಲನೇ ಎಂಬುದನ್ನೂ ಗಮನಿಸಿ.

ರಿಸೀವರ್ ಆದರೆ, ರಕ್ಷಕ ಮೈಮೇಲೆ ಬಂದು ನಿಂತಾಗ ಮೊದಲ 5 ಗಜದಲ್ಲಿ ಹೇಗೆ ಬಿಡಿಸಿಕೊಳ್ಳುತ್ತಾನೆ ನೋಡಿ. ಚೆಂಡನ್ನು ಕೈ ಚಾಚಿ ಬೆರಳುಗಳಲ್ಲಿ ಹಿಡಿಯುತ್ತಾನೋ, ಎದೆಗೆ ಬಡಿಸಿಕೊಳ್ಳುತ್ತಾನೋ? ಟಿವಿ ಚೌಕಟ್ಟಿನಿಂದ ಅವನ ಓಟ ಹೊರಗೆ ಹೋಗುತ್ತದೆ, ಮರುಪ್ರಸಾರದ ದೃಶ್ಯಗಳಿಗೆ ಕಾಯಿರಿ. ಕ್ವಾರ್ಟರ್‌ಬ್ಯಾಕ್ ಆದರೆ, ಮೊದಲು ನೋಡಿದ ರಿಸೀವರ್‌ಗೆ ದಾರಿ ಮುಚ್ಚಿದ ಮೇಲೆ ಏನು ಮಾಡುತ್ತಾನೆ ಎಂಬುದೇ ಮುಖ್ಯ.

ಗಡಿಯಾರಕ್ಕೆ ಮರುಳಾಗಬೇಡಿ

ಡ್ರಾಫ್ಟ್‌ಗೆ ಮೊದಲು ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್ ಎಂಬ ದೈಹಿಕ ಪರೀಕ್ಷೆಯಲ್ಲಿ 40 ಗಜ, ಅಂದರೆ ಸುಮಾರು 36.6 ಮೀಟರ್ ಓಡಿಸುತ್ತಾರೆ. 2017ರಲ್ಲಿ ಜಾನ್ ರಾಸ್ 4.22 ಸೆಕೆಂಡಿನಲ್ಲಿ ಓಡಿ ಆಗಿನ ದಾಖಲೆ ಬರೆದರು, ಇದೇ ಬೆಂಗಾಲ್ಸ್ 9ನೇ ಸರದಿಯಲ್ಲಿ ಅವರನ್ನು ಆರಿಸಿತು. ಮೊದಲ ಋತುವಿನಲ್ಲಿ ಆಡಿದ್ದು 3 ಪಂದ್ಯ, ಹಿಡಿದ ಪಾಸ್ ಸೊನ್ನೆ. ಅಂಕಿ ಬೇಕು, ಆದರೆ ಪಂದ್ಯದಲ್ಲಿ ಕಂಡದ್ದನ್ನು ಖಚಿತಪಡಿಸಿಕೊಳ್ಳಲು ಮಾತ್ರ. ಟ್ಯಾಕಲ್‌ಗಳಂಥ ದೊಡ್ಡ ದೇಹದ ಲೈನ್‌ಮನ್‌ಗಳಿಗೆ 40 ಗಜಕ್ಕಿಂತ ಮೊದಲ 10 ಗಜದ ಸಮಯ ಹೆಚ್ಚು ಹೇಳುತ್ತದೆ. ಅವರು ಒಂದೇಟಿಗೆ ಅದಕ್ಕಿಂತ ದೂರ ಓಡುವುದೇ ಅಪರೂಪ.

ಸರದಿ ಮಾರುವ ಲೆಕ್ಕ

‘ಹಿಂದೆ ಸರಿದು ಹೆಚ್ಚು ಸರದಿ ಪಡೆಯಲಿ’ ಎನ್ನುವವರು ಪ್ರತಿ ವಾದದಲ್ಲೂ ಇರುತ್ತಾರೆ. ಅವರಿಗೆ ಅಂಕ ಕೇಳಿ. ಡಲ್ಲಾಸ್ ಕೌಬಾಯ್ಸ್‌ನ ಆಗಿನ ಕೋಚ್ ಜಿಮ್ಮಿ ಜಾನ್ಸನ್ ಹೆಸರಿನಲ್ಲಿ 1990ರ ದಶಕದಿಂದ ಬಳಕೆಯಲ್ಲಿರುವ ಕೋಷ್ಟಕದಲ್ಲಿ 1ನೇ ಸರದಿಗೆ 3,000 ಅಂಕ, 5ಕ್ಕೆ 1,700, 16ಕ್ಕೆ 1,000, 32ಕ್ಕೆ 590. 2021ರಲ್ಲಿ ಬೆಂಗಾಲ್ಸ್ 38ನೇ ಸರದಿಯನ್ನು ನ್ಯೂ ಇಂಗ್ಲೆಂಡ್ ತಂಡಕ್ಕೆ ಕೊಟ್ಟು 46, 122, 139 ಪಡೆಯಿತು. ಕೊಟ್ಟದ್ದು 520 ಅಂಕ, ಬಂದದ್ದು ಸುಮಾರು 526. ಕಾಗದದ ಮೇಲೆ ನ್ಯಾಯವಾದ ವ್ಯಾಪಾರ. ಆದರೆ ಆ ಎಂಟು ಸರದಿಗಳ ನಡುವೆ ಮೂವರು ಟ್ಯಾಕಲ್‌ಗಳು ಹೊರಟುಹೋದರು, 46ರಲ್ಲಿ ಸಿಕ್ಕ ಟ್ಯಾಕಲ್ ಜಾಕ್ಸನ್ ಕಾರ್ಮನ್ ಕಾಯಂ ಆಟಗಾರನಾಗಿ ನೆಲೆಯೂರಲಿಲ್ಲ.

ಚೇಸ್ ಮೊದಲ ಋತುವಿನಲ್ಲೇ 1,455 ಗಜ ಗಳಿಸಿದರು, ತಂಡ ಸೂಪರ್ ಬೌಲ್‌ಗೆ ಹೋಯಿತು. ಬರೋ ಮಾತ್ರ ಲೀಗ್ ಹಂತದಲ್ಲಿ 51 ಬಾರಿ, ಫೈನಲ್‌ನಲ್ಲಿ 7 ಬಾರಿ ಸ್ಯಾಕ್ ಆದರು, ತಂಡ 20–23ರಲ್ಲಿ ಸೋತಿತು. 7ನೇ ಸರದಿಯಲ್ಲಿ ಡೆಟ್ರಾಯಿಟ್ ಸೇರಿದ ಸ್ಯೂಯೆಲ್ 2023 ಮತ್ತು 2024ರಲ್ಲಿ ಲೀಗಿನ ವರ್ಷದ ಶ್ರೇಷ್ಠರ ಪಟ್ಟಿಯಾದ ಆಲ್-ಪ್ರೊ ಮೊದಲ ತಂಡದಲ್ಲಿದ್ದರು. 5ನೇ ಸರದಿಯಲ್ಲಿ ಬೆಂಗಾಲ್ಸ್ ತಪ್ಪಲಿಲ್ಲ, ತಪ್ಪಿದ್ದು 46ರಲ್ಲಿ. ಮೊದಲ ಸರದಿಯ ಬಗ್ಗೆ ತಿಂಗಳುಗಟ್ಟಲೆ ಕಾದಾಡಿದ ಎರಡೂ ಬಣಗಳು ಎರಡನೆಯದರ ಬಗ್ಗೆ ಅದರ ಅರ್ಧದಷ್ಟಾದರೂ ಯೋಚಿಸಬೇಕಿತ್ತು.

ಆ ರಾತ್ರಿಗೆ

ಮೊದಲ ಸುತ್ತು ಏಪ್ರಿಲ್ ಕೊನೆಯ ಭಾಗದ ಒಂದು ಗುರುವಾರ, ಅಮೆರಿಕದ ಪೂರ್ವ ಕರಾವಳಿಯ ಸಮಯ ರಾತ್ರಿ 8ಕ್ಕೆ ಶುರುವಾಗುವುದು ವಾಡಿಕೆ. ಬೆಂಗಳೂರಿನಲ್ಲಿ ನೋಡುವವರಿಗೆ ಅದು ಶುಕ್ರವಾರ ಬೆಳಗಿನ 5.30. ನಿಮ್ಮ ಸರದಿ ಎಷ್ಟನೆಯದೋ ಅಷ್ಟು ಹೆಸರುಗಳನ್ನು ಇಷ್ಟದ ಕ್ರಮದಲ್ಲಿ ಹಿಂದಿನ ದಿನವೇ ಬರೆದು ತಾರೀಖು ಹಾಕಿ. 5ನೇ ಸರದಿಗೆ 5 ಹೆಸರು: ನಿಮಗಿಂತ ಮುಂಚಿನ ನಾಲ್ಕು ತಂಡಗಳೂ ನಿಮ್ಮ ಪಟ್ಟಿಯಿಂದಲೇ ಎತ್ತಿಕೊಂಡರೂ ಒಬ್ಬ ಉಳಿಯುತ್ತಾನೆ. ಪ್ರತಿ ಹೆಸರಿನ ಪಕ್ಕದಲ್ಲಿ ಅವನ ಜೋಡಿ, ಅಂದರೆ ಎರಡನೇ ಸುತ್ತಿನಲ್ಲಿ ಯಾವ ಸ್ಥಾನಕ್ಕೆ ಹೋಗುತ್ತೀರಿ ಎಂಬುದನ್ನೂ ಬರೆಯಿರಿ. ಮೂರು ವರ್ಷದ ನಂತರ ವಾದ ಮತ್ತೆ ಎದ್ದಾಗ ಆ ಹಾಳೆ ತೆಗೆದಿಡಿ.