ಗಾರ್ಡ್ ತೆಗೆಸಿದ್ದು ನಾನೇ: ಪ್ರೆಸ್ಸಿನಲ್ಲಿ ಬೆರಳು ಹೋದಾಗ ನಾನು ಪರಿಹಾರ ಕೊಟ್ಟ ಕಥೆ

2022ರಲ್ಲಿ ನನ್ನ ಶೆಡ್ಡಿನಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸಿಗೆ ಸಿಕ್ಕಿ ಒಬ್ಬ ಆಪರೇಟರ್‌ನ ತೋರುಬೆರಳು ಹೋಯಿತು. ಪೂರ್ತಿ ಅಲ್ಲ, ಮೇಲಿನ ಎರಡು ಗೆಣ್ಣು. ಡೈನಲ್ಲಿ (ತಗಡನ್ನು ಒತ್ತುವ ಅಚ್ಚಿನಲ್ಲಿ) ಸಿಕ್ಕಿಕೊಂಡ ತಗಡಿನ ಚೂರನ್ನು ಬರಿಗೈಯಲ್ಲಿ ತೆಗೆಯಲು ಹೋಗಿದ್ದ, ಕಾಲು ಪೆಡಲ್ ಮೇಲೇ ಇತ್ತು. ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಇರಲಿಲ್ಲ. ಗಾರ್ಡ್ ಇದ್ದರೆ ಪೀಸ್ ಕಮ್ಮಿ ಬರುತ್ತದೆ ಅಂತ ಹಿಂದಿನ ತಿಂಗಳು ಅದನ್ನು ಬಿಚ್ಚಿಸಿದ್ದು ನಾನೇ.

ಆಸ್ಪತ್ರೆ ಬಿಲ್ ಕಟ್ಟಿದೆ. ಆಮೇಲೆ ಎಲ್ಲ ಮಾಲೀಕರ ತಲೆಗೂ ಬರುವುದೇ ನನ್ನ ತಲೆಗೂ ಬಂತು: ಇದರಿಂದ ಹೇಗೆ ತಪ್ಪಿಸಿಕೊಳ್ಳುವುದು? ಅವನು ಗುತ್ತಿಗೆಗೆ ಆಳು ಕಳಿಸುವ ಮೇಸ್ತ್ರಿ ಕಡೆಯಿಂದ ಬಂದವನು, ನನ್ನ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲ. ಮೇಸ್ತ್ರಿ ನೋಡಿಕೊಳ್ಳಲಿ ಅಂದುಕೊಂಡೆ. ವಕೀಲರು ನಕ್ಕರು. ಆಗ ನಡೆಯುತ್ತಿದ್ದದ್ದು 1923ರ ನೌಕರರ ಪರಿಹಾರ ಕಾಯ್ದೆ. ಅದರ 12ನೇ ಕಲಮಿನ ಪ್ರಕಾರ ಕೆಲಸ ನಿಮ್ಮದು, ಜಾಗ ನಿಮ್ಮದು ಅಂದ ಮೇಲೆ ಗುತ್ತಿಗೆಯವನ ಆಳಿಗೂ ಮೊದಲು ನೀವೇ ಕೊಡಬೇಕು. ಆಮೇಲೆ ಗುತ್ತಿಗೆಯವನಿಂದ ವಸೂಲಿ ಮಾಡಿಕೊಳ್ಳಿ, ಅದು ನಿಮ್ಮಿಬ್ಬರ ವ್ಯವಹಾರ.

ಸರಿ, ತಪ್ಪು ಅವನದೇ ಅಲ್ವಾ, ಕೈ ಹಾಕಿದ್ದು ಯಾಕೆ ಅಂದೆ. ಅದೂ ನಡೆಯಲಿಲ್ಲ. ಅಜಾಗರೂಕತೆ ಅಂತ ಹೇಳಿ ತಪ್ಪಿಸಿಕೊಳ್ಳಲು ಕಾನೂನು ಬಿಡುವುದಿಲ್ಲ. ಕುಡಿದು ಬಂದಿದ್ದರೆ, ಸುರಕ್ಷತೆಯ ನಿಯಮವನ್ನು ಬೇಕಂತಲೇ ಮೀರಿದ್ದರೆ, ಗಾರ್ಡನ್ನು ತಾನೇ ಬೇಕಂತ ತೆಗೆದಿದ್ದರೆ ಮಾಲೀಕನಿಗೆ ವಿನಾಯಿತಿ ಸಿಗಬಹುದು. ಅದೂ ಸಾವು ಅಥವಾ ಪೂರ್ಣ ಶಾಶ್ವತ ಅಂಗವಿಕಲತೆ ಆಗಿದ್ದರೆ ಸಿಗುವುದಿಲ್ಲ. ನನ್ನ ಕಥೆಯಲ್ಲಿ ಗಾರ್ಡ್ ಬಿಚ್ಚಿಸಿದ್ದು ಯಾರು ಅಂತ ಶೆಡ್ಡಿನಲ್ಲಿದ್ದ ಏಳೂ ಜನಕ್ಕೆ ಗೊತ್ತಿತ್ತು.

ಅಷ್ಟರಲ್ಲಿ ಒಬ್ಬ ಗೆಳೆಯ ಸಲಹೆ ಕೊಟ್ಟ, ಐವತ್ತು ಸಾವಿರ ಕೊಟ್ಟು ಸ್ಟಾಂಪ್ ಪೇಪರ್ ಮೇಲೆ 'ಇನ್ನು ಏನೂ ಕೇಳುವುದಿಲ್ಲ' ಅಂತ ಬರೆಸಿಕೋ ಅಂತ. ಪೇಪರ್ ತಂದೂ ಆಗಿತ್ತು. ಪುಣ್ಯಕ್ಕೆ ವಕೀಲರಿಗೆ ತೋರಿಸಿದೆ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ 17ನೇ ಕಲಮಿನಲ್ಲಿ ಅಸಿಂಧು. ಅವನು ಸಹಿ ಹಾಕಿದರೂ ಎರಡು ವರ್ಷದೊಳಗೆ ಯಾವತ್ತು ಬೇಕಾದರೂ ಈ ಪರಿಹಾರದ ಕೇಸುಗಳನ್ನು ನೋಡುವ ಕಮಿಷನರ್ ಮುಂದೆ ಅರ್ಜಿ ಹಾಕಬಹುದು. ಆಗ ಅಸಲಿನ ಜೊತೆ ಬಡ್ಡಿಯೂ ಸೇರುತ್ತದೆ. ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12% ಬಡ್ಡಿ, ಸರಿಯಾದ ಕಾರಣವಿಲ್ಲದೆ ಎಳೆದಾಡಿದರೆ ಮೇಲೆ 50% ತನಕ ದಂಡ. ಆ ಪೇಪರ್ ಈಗಲೂ ಡ್ರಾಯರ್‌ನಲ್ಲಿ ಖಾಲಿ ಬಿದ್ದಿದೆ.

ಲೆಕ್ಕ ಹಾಕಿದ್ದು ನಾನೇ, ಕಷ್ಟ ಏನಿಲ್ಲ. ಅವನ ಸಂಬಳ 18,000. ಆದರೆ 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ಮಿತಿ 15,000. ಅದರ 60% ಅಂದರೆ 9,000. ವಯಸ್ಸು 35, ಅದಕ್ಕೆ ಕಾಯ್ದೆಯ ಪಟ್ಟಿಯಲ್ಲಿರುವ ಅಂಶ 197.06. ಗುಣಿಸಿದರೆ 17,73,540. ಇದು ದುಡಿಯುವ ಶಕ್ತಿ ಪೂರ್ತಿ ಹೋದವರಿಗೆ. ತೋರುಬೆರಳಿನ ಎರಡು ಗೆಣ್ಣು ಹೋದರೆ 11% ಅಂತ ಇನ್ನೊಂದು ಪಟ್ಟಿ ಹೇಳುತ್ತದೆ. ಹಾಗಾಗಿ ರೂ. 1,95,089. ಐವತ್ತು ಸಾವಿರ ಎಲ್ಲಿ, ಇದೆಲ್ಲಿ! ಪಟ್ಟಿಯಲ್ಲಿ ಇಲ್ಲದ ಗಾಯ ಆಗಿದ್ದರೆ ಗಳಿಕೆಯ ಶಕ್ತಿ ಎಷ್ಟು ಕಮ್ಮಿಯಾಯಿತು ಅಂತ ಡಾಕ್ಟರ್ ಬರೆದುಕೊಡಬೇಕಾಗುತ್ತದೆ. ಆಸ್ಪತ್ರೆ ಖರ್ಚು ಇದರಲ್ಲಿ ಸೇರುವುದಿಲ್ಲ, ಅದನ್ನು ಬೇರೆಯಾಗಿಯೇ ಕೊಡಬೇಕು. ಮನೆಯಲ್ಲಿದ್ದ ದಿನಗಳಿಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಕಾಲು ಭಾಗ ಕೊಡಬೇಕು ಅಂತಿದೆ. ನಾನು ಆರು ವಾರ ಪೂರ್ತಿ ಸಂಬಳ ಕೊಟ್ಟೆ, ಮುಖ ನೋಡಿ ಮುರಿದುಕೊಳ್ಳಲು ಆಗಲಿಲ್ಲ.

ಹಣವನ್ನು ಚೆಕ್‌ನಲ್ಲೇ ಕೊಟ್ಟೆ, ಆ ಮೊತ್ತಕ್ಕೆ ಮಾಡಿಕೊಂಡ ಒಪ್ಪಂದವನ್ನು ಕಮಿಷನರ್ ಹತ್ತಿರ ನೋಂದಾಯಿಸಿದೆ. ನೋಂದಣಿ ಆಗದ ಒಪ್ಪಂದವನ್ನು ನಂಬಿ ಕೂತರೆ ನಾಳೆ ಪೂರ್ತಿ ಮೊತ್ತ ನಮ್ಮ ತಲೆಗೇ ಬರುತ್ತದೆ. ಇನ್ನೊಂದು ಮಾತು, ಸತ್ತವರ ಮನೆಯವರಿಗೆ ಕೊಡುವ ಪರಿಹಾರವನ್ನು ಕೈಗೆ ಕೊಟ್ಟರೆ ಅದು ಕೊಟ್ಟಂತೆಯೇ ಅಲ್ಲ, ಕಮಿಷನರ್ ಹತ್ತಿರ ಠೇವಣಿ ಇಡಬೇಕು. ಇದು ಗೊತ್ತಿಲ್ಲದೆ ಎರಡು ಸಲ ಹಣ ಕಟ್ಟುವವರಿದ್ದಾರೆ.

ಇನ್ಶೂರೆನ್ಸ್ ಇರಲಿಲ್ಲವಾ ಅಂತ ಕೇಳುತ್ತೀರಿ. ಇತ್ತು. ಪ್ರೀಮಿಯಂ ಉಳಿಸಲು ಮೇಸ್ತ್ರಿ ಕಡೆಯವರನ್ನು ಸೇರಿಸಿರಲಿಲ್ಲ. ಕಂಪನಿಯವರು ಒಂದು ಪೈಸೆ ಕೊಡಲಿಲ್ಲ, ಅವರನ್ನು ಬೈಯಲೂ ಆಗುವುದಿಲ್ಲ. ಹತ್ತು ಜನಕ್ಕಿಂತ ಕಮ್ಮಿ ಇದ್ದದ್ದರಿಂದ ಇಎಸ್‌ಐಯೂ (ನೌಕರರ ರಾಜ್ಯ ವಿಮೆ) ಇರಲಿಲ್ಲ. ಇಎಸ್‌ಐ ಇದ್ದವರ ದಾರಿ ಬೇರೆ, ಅಲ್ಲಿ ಇಎಸ್‌ಐ ನಿಗಮವೇ ಕೊಡುತ್ತದೆ, ಮಾಲೀಕನ ಮೇಲೆ ಈ ಕಾಯ್ದೆಯಲ್ಲಿ ಮತ್ತೆ ಕೇಸ್ ಹಾಕುವಂತಿಲ್ಲ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ, ಈಗ ಅಪಘಾತ ಆದರೆ ಅದನ್ನೇ ನೋಡಬೇಕು. ಕಲಮಿನ ನಂಬರ್‌ಗಳು ಬದಲಾಗಿವೆ, 60% ಮತ್ತು ವಯಸ್ಸಿನ ಪಟ್ಟಿಯ ಲೆಕ್ಕ ಹಾಗೇ ಇದೆ.

ಆ ಆಪರೇಟರ್ ಈಗಲೂ ನಮ್ಮಲ್ಲೇ ಇದ್ದಾನೆ, ಈಗ ಹಾಜರಿ ಪುಸ್ತಕದಲ್ಲಿ. ಪ್ರೆಸ್ ಬೇಡ ಅಂದ, ಇನ್‌ಸ್ಪೆಕ್ಷನ್‌ಗೆ ಹಾಕಿದೆ. ಮೇಸ್ತ್ರಿಯಿಂದ ವಸೂಲಿ ಮಾಡುವ ಹಕ್ಕು ನನಗೆ ಇತ್ತಲ್ಲ, ಬಿಲ್ಲಿನಲ್ಲಿ ತಿಂಗಳಿಗೆ ಐದು ಸಾವಿರ ಮುರಿದುಕೊಳ್ಳಲು ಶುರು ಮಾಡಿದೆ. ಎಂಟು ತಿಂಗಳು ನಡೆಯಿತು, ಆಮೇಲೆ ಮೇಸ್ತ್ರಿ ಫೋನ್ ಎತ್ತುವುದನ್ನೇ ಬಿಟ್ಟ.